ಗುಜರಿಗೆ ಹಾಕುವ ಮುನ್ನ ಹೊಳೆಬಾಗಿಲಿನ ಒಂದು ಲಾಂಚನ್ನು ನಮಗೆ ಒಪ್ಪಿಸಿ

ಸಾಗರ ಕ್ಷೇತ್ರದ ಮಾನ್ಯ ಶಾಸಕರಿಗೆ, ತುಮರಿ ಭಾಗದ ನಿವಾಸಿಯೊಬ್ಬನ ನಮಸ್ಕಾರಗಳು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಶರಾವತಿ ಹಿನ್ನೀರಿನ ಜನರಾದ ನಾವು ಎಷ್ಟು ಸಂಭ್ರಮಿಸಿದೆವು ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ನಮ್ಮ ಹಿರಿಯರ ಗದ್ದೆ ತೋಟಗಳು ಮುಳುಗಿದ ಮೇಲೆ, ಕರೂರು ಮತ್ತು ಭಾರಂಗಿ ಹೋಬಳಿಗಳನ್ನು ಸಾಗರಕ್ಕೆ ಜೋಡಿಸಿದ್ದು ಹೊಳೆಬಾಗಿಲಿನ ದಡದಿಂದ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಲಾಂಚು. ಬಾಣಂತಿಯರು, ಮದುವೆಯ ದಿಬ್ಬಣ, ಅಡಿಕೆ ಮೂಟೆ, ಸಿಗಂದೂರಿಗೆ ಹೊರಟ ಭಕ್ತರು, ಅವರು ಬಂದ ಬಸ್ಸು ಎಲ್ಲವನ್ನೂ ಅದು ಹೊತ್ತಿದೆ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ನನ್ನ ತಾಯಿಗೆ ಎದೆನೋವು ಕಾಣಿಸಿಕೊಂಡಾಗ, ಆಸ್ಪತ್ರೆಯ ದೀಪಗಳಿರುವ ಊರು ಆಚೆ ದಡದಲ್ಲಿದ್ದರೂ, ಕಾಡುದಾರಿಯಲ್ಲಿ ರಾತ್ರಿಯಿಡೀ ಸುತ್ತಿಬಳಸಿ ಸಾಗಬೇಕಾಯಿತು. ಆ ಲಾಂಚನ್ನು ನಮ್ಮಷ್ಟು ಬೈದವರು ಬೇರೆ ಯಾರೂ ಇರಲಾರರು. ಹಾಗೆ ಬೈದವರೇ ಇಂದು, ಸೇತುವೆ ಬಂದ ಮೇಲೆ ಗುಜರಿಯ ದಾರಿ ಹಿಡಿದಿರುವ ಅದನ್ನು ಉಳಿಸಿಕೊಡಿ ಎಂದು ಕೇಳುತ್ತಿದ್ದೇವೆ.

ಲಾಂಚಿನಲ್ಲೇ ದುಡಿದು ನಿವೃತ್ತರಾದವರು, ಊರಿನ ವೆಲ್ಡರ್, ರಜೆಯಲ್ಲಿ ಬರುವ ಕಾಲೇಜು ಹುಡುಗರು ಸೇರಿ, ಕೂಲಿ ಕೇಳದೆ ಒಂದು ಲಾಂಚನ್ನು ನೋಡಿಕೊಳ್ಳುತ್ತೇವೆ ಎಂದು ಮನವಿ ಕೊಟ್ಟಿದ್ದೇವೆ. ತುಕ್ಕನ್ನು ಕೆರೆದು ರೆಡ್ ಆಕ್ಸೈಡ್ ಬಳಿಯುವುದು, ತಳದಲ್ಲಿ ಸೇರುವ ನೀರನ್ನು ಎತ್ತಿ ಹಾಕುವುದು, ಎಂಜಿನ್ನನ್ನು ಆಗಾಗ ಚಾಲೂ ಮಾಡುವುದು ನಮಗೆ ಹೊಸದಲ್ಲ. ಇದಕ್ಕಿಂತ ಮುಖ್ಯವಾದ ಕೆಲಸ ಬೇಸಿಗೆಯದು. ಹಿನ್ನೀರು ಇಳಿದಂತೆಲ್ಲ ಹಗ್ಗ ಸಡಿಲಿಸಿ ಲಾಂಚನ್ನು ನೀರಿನ ಜೊತೆಯಲ್ಲೇ ಕೆಳಕ್ಕೆ ಒಯ್ಯುತ್ತಿರಬೇಕು. ಇಲ್ಲವಾದರೆ ಅದು ಕೆಸರಿನಲ್ಲಿ ವಾಲಿ, ಮುಳುಗಡೆಯ ಕಾಡಿನ ಮರದ ಬೊಡ್ಡೆಗಳ ಮೇಲೆ ಕೂತು ತಳ ಒಡೆದುಕೊಳ್ಳುತ್ತದೆ. ಕಡತದಲ್ಲಿ ಸಹಿ ಬೀಳುವವರೆಗೆ ನೀರು ಕಾಯುವುದಿಲ್ಲ.

ಈ ಮನವಿಗೆ ಸಿಕ್ಕ ಮರ್ಯಾದೆಯನ್ನೂ ತಾವು ಕೇಳಬೇಕು. ಕಚೇರಿಯೊಂದರಲ್ಲಿ (ಯಾವುದೆಂದು ಇಲ್ಲಿ ಬರೆಯುವುದಿಲ್ಲ) ನಮ್ಮನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಕರೆದು, ಗುಜರಿ ಹರಾಜಿನ ಅರ್ಜಿ ನಮೂನೆಯನ್ನು ಕೈಗಿತ್ತು, "ಇ.ಎಂ.ಡಿ. (ಹರಾಜಿನ ಮುಂಗಡ ಠೇವಣಿ) ಎಷ್ಟು ಕಟ್ಟುತ್ತೀರಿ?" ಎಂದು ಕೇಳಿದರು. ನಾವು ಕೊಳ್ಳಲು ಬಂದವರಲ್ಲ, ಬಣ್ಣ ಹೊಡೆಯಲು ಬಂದವರು ಎಂದು ವಿವರಿಸಿದಾಗ, "ಸರ್ಕಾರಿ ಸ್ವತ್ತನ್ನು ಮುಟ್ಟಿದರೆ ಕೇಸಾಗುತ್ತದೆ" ಎಂಬ ಉತ್ತರ ಬಂತು. ಒಡೆಯುವವನಿಗೆ ಸಿದ್ಧ ನಮೂನೆಯಿದೆ, ಉಳಿಸುವವನಿಗೆ ಮೊಕದ್ದಮೆಯಿದೆ. ಆಡಳಿತದ ಈ ಅಚ್ಚುಕಟ್ಟಿಗೆ ನಾವು ತಲೆದೂಗಿದೆವು.

ನಿಯಮಗಳು ತಮಗೆ ತಿಳಿದೇ ಇವೆ. ಕರಾರು ಮಾಡಿಕೊಂಡು ಸ್ವತ್ತಿನ ನಿರ್ವಹಣೆಯನ್ನು ವಹಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ಸ್ಕಾಟ್ಲೆಂಡಿನ ವೇವರ್ಲಿ ಎಂಬ ಪ್ರಯಾಣಿಕ ಹಡಗನ್ನು 1974ರಲ್ಲಿ ಕೇವಲ ಒಂದು ಪೌಂಡಿಗೆ ಹಡಗುಪ್ರಿಯರ ಸಂಘಕ್ಕೆ ಕೊಟ್ಟರು. ಮರುವರ್ಷವೇ ಅದು ಜನರನ್ನು ಹತ್ತಿಸಿಕೊಂಡು ಹೊರಟಿತು. ನಾವು ಲಾಂಚನ್ನು ಓಡಿಸುತ್ತೇವೆಂದೂ ಕೇಳುತ್ತಿಲ್ಲ, ಮಾಲೀಕತ್ವವನ್ನೂ ಕೇಳುತ್ತಿಲ್ಲ. ಒಂದೇ ಒಂದು ಲಾಂಚು ಹೊಳೆಬಾಗಿಲಿನಲ್ಲಿ ತೇಲುತ್ತಿರಲಿ, ಅದನ್ನು ನೋಡಿಕೊಳ್ಳಲು ನಮಗೆ ಲಿಖಿತ ಅನುಮತಿ ಕೊಡಿಸಿ.

ಹರಾಜಿನ ಪಟ್ಟಿಗೆ ಅದು ಸೇರದಂತೆ ನೋಡಿಕೊಳ್ಳಿ, ಅನುಮತಿ ಕೊಡಿಸಿ. ಈ ಬೇಸಿಗೆಯಲ್ಲಿ ನೀರು ಇಳಿಯುವುದಕ್ಕೆ ಮೊದಲೇ ಆದೇಶ ನಮ್ಮ ಕೈಸೇರಬೇಕು. ಬಣ್ಣದ ಡಬ್ಬಗಳನ್ನು ನಾವೇ ತರುತ್ತೇವೆ.

ಇತಿ,
ತಮ್ಮ ಕ್ಷೇತ್ರದ ಮತದಾರ