ಮಗಳಿಗೊಂದು ಪತ್ರ: ಊಟ ಆಯಿತೇ ಎಂದು ಕೇಳದೆ

ಚಿತ್ರದುರ್ಗ
ಗುರುವಾರ ರಾತ್ರಿ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಭಾನುವಾರ ಸಂಜೆ ನೀನು ಮಾತಿನ ನಡುವೆಯೇ ಫೋನ್ ಇಟ್ಟೆ. ಅಂದಿನಿಂದ ನಾಲ್ಕು ದಿನ ನಾನು ಫೋನನ್ನು ಕೈಗೆತ್ತಿಕೊಳ್ಳುವುದು, ಮತ್ತೆ ಕೆಳಗಿಡುವುದು ನಡೆದೇ ಇದೆ. ನೀನು 'ಹಲೋ' ಎಂದ ಕೂಡಲೇ ನನ್ನ ಬಾಯಿಂದ ಹೊರಡುವ ಮಾತು 'ಊಟ ಆಯ್ತಾ' ಎಂಬುದೇ ಎಂದು ನನಗೆ ಗೊತ್ತು. ಊಟ, ತೂಕ, ಮೈಕಟ್ಟು ಇವುಗಳ ಬಗ್ಗೆ ಮನೆಯವರು ಸದ್ಯಕ್ಕೆ ಏನನ್ನೂ ಕೇಳದಿರಲಿ ಎಂದು ನಿನ್ನ ಆಪ್ತಸಮಾಲೋಚಕರು ಹೇಳಿದ್ದಾರೆಂದು ನೀನು ತಿಳಿಸಿದಾಗ ನನಗೆ ಸಿಟ್ಟು ಬಂತು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಪರಿಚಯದವರು ಸಿಕ್ಕರೂ ನಾವು ಕೇಳುವುದು ಅದನ್ನೇ. ಹೆತ್ತ ಮಗಳನ್ನು ಕೇಳಬಾರದೆಂದರೆ ಹೇಗೆ? ಆ ಸಿಟ್ಟಿನಲ್ಲಿಯೇ, ಗುಂಪು ಚಿಕಿತ್ಸೆಯ ಮೊದಲ ದಿನ ಒಂದೇ ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ನೋಡಿ, ಮೂಸಿ, ನಾಲಿಗೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ತಿಂದೆವೆಂದು ನೀನು ಹೇಳಿದ್ದಕ್ಕೆ 'ಇದಕ್ಕೆ ಫೀಸು ಬೇರೆ ಕೊಡಬೇಕಾ' ಎಂದು ನಕ್ಕೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಕಚೇರಿಯ ಮೆಟ್ಟಿಲ ಮೇಲೆ ಕುಸಿದವಳು ಎದ್ದು, ಇಂಥದೊಂದು ಕೋಣೆಗೆ ತಾನಾಗಿಯೇ ನಡೆದುಕೊಂಡು ಹೋಗಿ, ಅಲ್ಲಿ ನಡೆದದ್ದನ್ನು ತಾಯಿಗೆ ಹೇಳುವ ಧೈರ್ಯ ಮಾಡಿದಾಗ ತಾಯಿಯಾದವಳು ನಗಬಾರದಿತ್ತು.

ಆಸ್ಪತ್ರೆಯ ಆ ಮೂರು ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಿನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ ರವಿಕೆಯ ವಿಷಯವಾಗಿ ಆದ ಮಾತನ್ನೂ ಬರೆಯುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ನನ್ನನ್ನು ರಾತ್ರಿ ಎಬ್ಬಿಸಿ ಕೂರಿಸುತ್ತಿರುವುದು ನಮ್ಮ ಬಚ್ಚಲುಮನೆಯ ನಲ್ಲಿ.

2017ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ ಹೋಗಿ, ವಾರಕ್ಕೊಂದು ಟ್ಯಾಂಕರ್ ನೀರನ್ನು ಸಂಪಿಗೆ ಹಾಕಿಸಿಕೊಂಡು ಕೊಡಗಳ ಲೆಕ್ಕದಲ್ಲಿ ಬದುಕುತ್ತಿದ್ದೆವು. ನೀನು ಆಗ ಎರಡನೇ ಪಿಯುಸಿಗೆ ಕಾಲಿಡುತ್ತಿದ್ದೆ. ರಾತ್ರಿ ಊಟ ಮುಗಿಸಿ ತಟ್ಟೆ ಇಟ್ಟವಳು ನೇರವಾಗಿ ಬಚ್ಚಲಿಗೆ ಹೋಗುತ್ತಿದ್ದೆ, ಚಿಲಕ ಬೀಳುತ್ತಿತ್ತು, ನಲ್ಲಿ ಪೂರ್ತಿ ತೆರೆದುಕೊಳ್ಳುತ್ತಿತ್ತು, ಹತ್ತು ನಿಮಿಷ ನಿಲ್ಲುತ್ತಲೇ ಇರಲಿಲ್ಲ. ನಾನು ಬಾಗಿಲು ಬಡಿದು 'ನೀರೇನು ಪುಕ್ಕಟೆ ಬರ್ತದಾ' ಎಂದು ಕೂಗುತ್ತಿದ್ದೆ. ಒಂದು ರಾತ್ರಿ ತಾಳ್ಮೆ ಕೆಟ್ಟು, ಟಾರ್ಚ್ ಹಿಡಿದು ತಾರಸಿ ಹತ್ತಿ, ಮೇಲಿನ ಟ್ಯಾಂಕಿನ ಗೇಟ್‌ವಾಲ್ವನ್ನು ತಿರುಗಿಸಿ ನಿಲ್ಲಿಸಿದೆ. ಪಾಠ ಕಲಿಸಿದೆನೆಂಬ ಹೆಮ್ಮೆಯಿಂದಲೇ ಮೆಟ್ಟಿಲಿಳಿದೆ. ಬಚ್ಚಲ ಹಿಂದಿನ ಗೋಡೆಯ ಪಕ್ಕಕ್ಕೆ ಬರುವಷ್ಟರಲ್ಲಿ ನಲ್ಲಿ ಬರಿದಾಗಿ ಸದ್ದು ನಿಂತಿತ್ತು, ಆ ನಿಶ್ಶಬ್ದದಲ್ಲಿ ನನಗೆ ನೀನು ವಾಂತಿ ಮಾಡುವುದು ಕೇಳಿಸಿತು.

ಕೇಳಿಸಿತು, ಪುಟ್ಟಿ. ಆಸ್ಪತ್ರೆಯಲ್ಲಿ ನೀನು 'ಒಂದು ದಿನವೂ ಗೊತ್ತಾಗಲಿಲ್ಲವಾ ಅಮ್ಮಾ' ಎಂದು ಕೇಳಿದಾಗ 'ಇಲ್ಲ' ಎಂದಿದ್ದೆ. ಅದು ಸುಳ್ಳು. ಒಂದು ಸಲ ಕೇಳಿಸಿತ್ತು. ಗ್ಯಾಸ್ಟ್ರಿಕ್ ಇರಬೇಕು, ಪರೀಕ್ಷೆಯ ಭಯ ಇರಬೇಕು ಎಂದು ನಾನೇ ಕಾರಣ ಕೊಟ್ಟುಕೊಂಡು ಅಡುಗೆಮನೆಗೆ ಹೋಗಿ ಹಾಲಿಗೆ ಹೆಪ್ಪು ಹಾಕಿದೆ. ನೀನು ಕೆಂಪು ಕಣ್ಣು ಮಾಡಿಕೊಂಡು ಹೊರಗೆ ಬಂದಾಗ 'ಬುದ್ಧಿ ಬಂತಾ' ಎಂದೆ. 'ಸಾರಿ ಅಮ್ಮಾ, ಇನ್ನು ಮೇಲೆ ಬಕೆಟಿನಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತೇನೆ' ಎಂದೆ ನೀನು. ಆ ರಾತ್ರಿ ನಿಮ್ಮಪ್ಪನ ಹತ್ತಿರ 'ಹೇಳಿದರೆ ಕೇಳುತ್ತಾಳೆ, ಒಳ್ಳೆಯ ಹುಡುಗಿ' ಎಂದು ಹೇಳಿಕೊಂಡೆ. ಎಂಟು ವರ್ಷದಿಂದ ನಿನ್ನ ವಿಧೇಯತೆಯ ಉದಾಹರಣೆಯಾಗಿ ನಾನು ನೆಂಟರಿಗೆಲ್ಲ ಹೇಳುತ್ತ ಬಂದ ಕತೆ ಇದು. ಸ್ವಲ್ಪ ದಿನಕ್ಕೆ ಹೊಟ್ಟೆನೋವೆಂದು ನಿನ್ನನ್ನು ಡಾಕ್ಟರರ ಹತ್ತಿರ ಕರೆದೊಯ್ದಾಗ ಅವರೂ ಅಸಿಡಿಟಿ ಎಂದು ಮಾತ್ರೆ ಬರೆದುಕೊಟ್ಟರು. ನನಗೆ ಅಷ್ಟು ಸಾಕಾಗಿತ್ತು.

ನೀನು ಫೋನ್ ಇಟ್ಟ ಮರುದಿನ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆ. ಕನ್ನಡದಲ್ಲಿಯೇ ಮಾತಾಡಿದ ಹುಡುಗಿ ನನ್ನ ಅಳು ಮುಗಿಯುವವರೆಗೆ ಕಾದಳು. ಆಮೇಲೆ ಮನೋವೈದ್ಯೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು, ಯಾರ ವಿಷಯವೆಂದು ಹೇಳದೆ, ಕೇಳಿದೆ, ಅವಳಿಗೆ ಅರ್ಥವಾಗಿರಬಹುದು. ಅವಳು ಕಳಿಸಿದ್ದನ್ನೆಲ್ಲ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಕೈ ನಿಲ್ಲದೆ ತಿಂದು ಆಮೇಲೆ ವಾಂತಿ ಮಾಡುವ ನಿನ್ನ ಈ ಕಾಯಿಲೆಗೆ ಬುಲಿಮಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯರು 30 ರೋಗಿಗಳನ್ನು ಕಂಡು 1979ರಲ್ಲಿ ಕೊಟ್ಟರಂತೆ. ಅದು ನಾನು ಹೈಸ್ಕೂಲಿನಲ್ಲಿದ್ದ ವರ್ಷ. ನಾನು ನಕ್ಕ ಆ ಒಣದ್ರಾಕ್ಷಿಯ ಅಭ್ಯಾಸವನ್ನು ಪ್ರಸಿದ್ಧಗೊಳಿಸಿದ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸಿನ ವೈದ್ಯಕೀಯ ಕಾಲೇಜಿನಲ್ಲಿ ತಮ್ಮ ಕ್ಲಿನಿಕ್ ಆರಂಭಿಸಿದ್ದೂ ಅದೇ 1979ರಲ್ಲಿ. ಅವರು ಬೌದ್ಧ ಧ್ಯಾನದಿಂದ ಕಲಿತವರೆಂದು ಓದಿ, 'ನಮ್ಮದನ್ನೇ ನಮಗೆ ಮಾರುತ್ತಿದ್ದಾರೆ' ಎಂದು ಹೇಳಲು ಬಾಯಿ ತೆರೆದಿದ್ದೆ. ನಮ್ಮದಾಗಿದ್ದರೆ ನನಗೆ ಗೊತ್ತಿರಬೇಕಿತ್ತಲ್ಲ ಎನಿಸಿ ಸುಮ್ಮನಾದೆ.

ಮೈಂಡ್‌ಫುಲ್‌ನೆಸ್ ಎಂಬುದನ್ನು ನಿಮ್ಮ ಗುಂಪಿನಲ್ಲಿ ಸಾವಧಾನ ಎನ್ನುತ್ತಾರೆಂದು ನೀನು ಹೇಳಿದೆ. ಮದುವೆಯ ಮುಹೂರ್ತದಲ್ಲಿ ಪುರೋಹಿತರು ಕೂಗಿ ಕೂಗಿ ಸವೆದುಹೋದ ಶಬ್ದ ಅದು. ನನ್ನ ಮಟ್ಟಿಗೆ 'ಎಚ್ಚರ' ಎಂಬುದೇ ಚೆನ್ನಾಗಿದೆ: ತಿನ್ನುವಾಗ ಎಚ್ಚರವಾಗಿರುವುದು, ತಿನ್ನಬೇಕೆನಿಸಿದಾಗಲೂ ಎಚ್ಚರವಾಗಿರುವುದು. ಡಬ್ಬಿ ಬರಿದಾಗುವವರೆಗೆ ಕೈ ನಿಲ್ಲದ ಆ ಹೊತ್ತಿನಲ್ಲಿ ರುಚಿಯೂ ಗೊತ್ತಾಗುವುದಿಲ್ಲ, ಆಗ ನಾನು ಅಲ್ಲಿ ಇರುವುದೇ ಇಲ್ಲ ಎಂದು ನೀನು ಹೇಳಿದ್ದು ಈಗ ಅರ್ಥವಾಗುತ್ತಿದೆ. ತಡೆಯಲಾಗದ ಯಾವುದೋ ಒಂದು ಭಾವದಿಂದ, ನಾಚಿಕೆಯೋ ಒಂಟಿತನವೋ, ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲು ಮನಸ್ಸು ಕಂಡುಕೊಂಡ ದಾರಿ ಅದು. ತಪ್ಪಿಸಿಕೊಂಡದ್ದಕ್ಕೆ ಮತ್ತೆ ನಾಚಿಕೆ, ಅದನ್ನು ಅಳಿಸಲು ವಾಂತಿ, ಮರುದಿನ ಪ್ರಾಯಶ್ಚಿತ್ತದ ಉಪವಾಸ, ಆ ಉಪವಾಸದಿಂದಲೇ ಮುಂದಿನ ಹಸಿವು.

ಈ ಉಪವಾಸದ ಕೊಂಡಿಯಲ್ಲಿ ನನ್ನ ಪಾಲಿದೆ. ಸೋಮವಾರದ ಒಪ್ಪತ್ತನ್ನು ನಲವತ್ತು ವರ್ಷ ಬಿಡದೆ ಮಾಡಿದ ಹೆಂಗಸು ನಾನು; ನೀನು ದಪ್ಪಗಾದೆ ಎಂದು ಅಳುತ್ತ ಬಂದಾಗ 'ರಾತ್ರಿ ಊಟ ಒಂದು ಬಿಡು, ಎಲ್ಲ ಸರಿಹೋಗುತ್ತದೆ' ಎಂದವಳೂ ನಾನೇ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲೊಪ್ಪದ 36 ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದ್ದರು. ಆ ಗಟ್ಟಿಮುಟ್ಟಾದ ಗಂಡಸರು ಹಗಲಿರುಳು ಊಟದ ಕನಸು ಕಾಣತೊಡಗಿದರು, ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು. ಮತ್ತೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರು ಹೊಟ್ಟೆ ಬಿರಿಯುವಂತೆ ತಿಂದರೂ ಹಸಿವು ಹೋಗಲಿಲ್ಲವೆಂದರು. ಅವರಲ್ಲಿ ಯಾರಿಗೂ ಮನೋಬಲ ಕಡಿಮೆ ಇರಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ನಾನು ನಿನ್ನ ವಿಷಯದಲ್ಲಿ ಮಾತ್ರ 'ಮನಸ್ಸು ಗಟ್ಟಿ ಮಾಡಿಕೋ' ಎಂಬುದನ್ನೇ ಹೇಳುತ್ತ ಬಂದೆ.

ಒಪ್ಪಿಕೊಳ್ಳುವುದು ಎಂಬ ಇನ್ನೊಂದು ಶಬ್ದದ ಮೇಲೂ ನಾವು ಜಗಳವಾಡಿದೆವು. 'ರೋಗವನ್ನು ಒಪ್ಪಿಕೊಂಡು ಕೂತರೆ ಹೋಗುವುದು ಹೇಗೆ' ಎಂದು ನಾನು ಕೇಳಿದ್ದೆ. ಒಪ್ಪಿಕೊಳ್ಳುವುದಕ್ಕೂ ಒಪ್ಪಿಸಿಬಿಡುವುದಕ್ಕೂ ವ್ಯತ್ಯಾಸವಿದೆ ಎಂದು ಈಗ ತೋರುತ್ತದೆ. ತಿನ್ನಬೇಕೆಂಬ ಸೆಳೆತ ಬಂದಿದೆ ಎಂಬುದನ್ನು ಒಪ್ಪಿಕೊಳ್ಳುವುದು ಒಂದು, ಅದರ ಕೈಗೆ ನಮ್ಮನ್ನು ಒಪ್ಪಿಸಿಬಿಡುವುದು ಇನ್ನೊಂದು. ಆ ಸೆಳೆತವನ್ನು ಸಮುದ್ರದ ಅಲೆಯೆಂದುಕೊಂಡು ಅದರ ಮೇಲೆ ತೇಲುವುದನ್ನು ಕಲಿಯಬೇಕೆಂದು ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಕುಡಿತ ಬಿಡುವವರಿಗೆ ಹೇಳುತ್ತಿದ್ದರಂತೆ. ಕೋಟೆಯ ಕಲ್ಲುಗಳ ನಡುವೆ ಬೆಳೆದ ನನಗೆ ಅಲೆ ಗೊತ್ತಿಲ್ಲ, ಆದರೆ ಹೆರಿಗೆ ನೋವು ಗೊತ್ತು. ನೀನು ಹುಟ್ಟಿದ ರಾತ್ರಿ ನಾನು ಹಲ್ಲು ಕಚ್ಚಿ ಮೈ ಬಿಗಿಹಿಡಿದು ಮಲಗಿದ್ದಾಗ ನರ್ಸಮ್ಮ 'ತಡೀಬೇಡ ತಾಯಿ, ಉಸಿರು ಬಿಡು, ಅದು ಬರ್ತದೆ, ಹೋಗ್ತದೆ' ಎಂದಿದ್ದಳು. ನೋವು ಏರಿ, ಇನ್ನು ಸತ್ತೆ ಎನ್ನುವಷ್ಟಾಗಿ, ತಾನಾಗಿ ಇಳಿಯುತ್ತಿತ್ತು. ಗಡಿಯಾರ ನೋಡಿದರೆ ಒಂದು ನಿಮಿಷ. ನಿನ್ನ ಸೆಳೆತ ಒಂದು ನಿಮಿಷಕ್ಕೆ ಇಳಿಯುವುದಿಲ್ಲವೆಂದು ಬಲ್ಲೆ. ಆದರೂ ಅದು ಕೊನೆಯಿಲ್ಲದೆ ಏರುತ್ತಲೇ ಹೋಗುವುದಿಲ್ಲ ಎಂಬುದನ್ನು ಗುಂಪಿನಲ್ಲಿ ಕೂತು ನಿನ್ನ ಮೈಯಲ್ಲಿಯೇ ನೀನು ಕಂಡುಕೊಳ್ಳಬೇಕು. ಇದನ್ನು ನಾನು ಹೇಳಿಕೊಡಲಾರೆ.

ಹೇಳಿಕೊಡಲಾರೆ ಎಂದು ಬರೆದವಳೇ ಈಗ ನಾಲ್ಕು ಮಾತು ಹೇಳುತ್ತೇನೆ, ಸಹಿಸಿಕೋ. ಧ್ಯಾನವೊಂದೇ ಚಿಕಿತ್ಸೆಯೆಂದು ತಿಳಿಯಬೇಡ. ಮೂರು ನಾಲ್ಕು ಗಂಟೆಗೊಮ್ಮೆ ಏನಾದರೂ ತಿನ್ನುವ, ಮೂರು ಊಟ ಮತ್ತು ಎರಡು ಮೂರು ಸಣ್ಣ ತಿಂಡಿಗಳ ಆ ವೇಳಾಪಟ್ಟಿಯನ್ನು, ಹಿಂದಿನ ರಾತ್ರಿ ಏನೇ ಆಗಿದ್ದರೂ, ಮರುದಿನ ಬೆಳಿಗ್ಗೆಯಿಂದ ಮತ್ತೆ ಹಿಡಿ. ಹಸಿದ ಹೊಟ್ಟೆಯ ಮೇಲೆ ಯಾವ ಎಚ್ಚರವೂ ನಿಲ್ಲುವುದಿಲ್ಲ. ಡಾಕ್ಟರರು ಖಿನ್ನತೆಗೂ ಬುಲಿಮಿಯಾಕ್ಕೂ ಕೊಡುವ ಫ್ಲೂಯಾಕ್ಸಿಟಿನ್ ಮಾತ್ರೆ ಬರೆದುಕೊಟ್ಟರೆ 'ಹುಚ್ಚಿನ ಮಾತ್ರೆ' ಎಂದು ಹೆದರಬೇಡ. ಹಾಗೆಂದು ಹೇಳಿದ್ದವಳು ನಾನೇ, ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಪೊಟ್ಯಾಸಿಯಂ 3.5ರಿಂದ 5ರ ಒಳಗಿರಬೇಕು, ಇಳಿದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ, ಆದ್ದರಿಂದ ರಕ್ತಪರೀಕ್ಷೆಗೆ ಕರೆದ ದಿನ ಮೀಟಿಂಗ್ ಇದೆ ಎನ್ನಬೇಡ. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡ, ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ, ನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ನೋಡು, ನಾಲ್ಕು ಎಂದವಳು ಕರಿಹಲಗೆಯ ಮುಂದೆ ನಿಂತೇಬಿಟ್ಟೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದಿಲ್ಲ, ಅಷ್ಟೇ.

ಇಷ್ಟು ಓದಿದ್ದರಲ್ಲಿ ನನ್ನನ್ನು ಹೆದರಿಸಿದ್ದು ಒಂದೇ ಒಂದು ಲೆಕ್ಕ. ಮಾರ್ಷಾ ಲೈನಹನ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ, ಒಪ್ಪಿಕೊಳ್ಳುವುದನ್ನೂ ಬದಲಾಗುವುದನ್ನೂ ಜೊತೆಯಲ್ಲಿ ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮನೋಚಿಕಿತ್ಸೆಯ ಪದ್ಧತಿಯನ್ನು, ಬಿಂಜ್ ಈಟಿಂಗ್, ಎಂದರೆ ಕೈ ನಿಲ್ಲದೆ ತಿನ್ನುವ, ತೊಂದರೆಯಿದ್ದ 44 ಹೆಂಗಸರ ಅಧ್ಯಯನವೊಂದರಲ್ಲಿ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ್ದಾರೆ. ಚಿಕಿತ್ಸೆ ಪಡೆದವರಲ್ಲಿ 89 ಶೇಕಡ ಮಂದಿಯ ಬಿಂಜ್ ಚಿಕಿತ್ಸೆ ಮುಗಿಯುವಷ್ಟರಲ್ಲಿ ನಿಂತಿತ್ತು. ಆರು ತಿಂಗಳ ಮೇಲೆ ನೋಡಿದಾಗ ಹಾಗಿದ್ದವರು 56 ಶೇಕಡ. ವಾಂತಿಯೂ ಸೇರಿಕೊಂಡ ಬುಲಿಮಿಯಾದಲ್ಲಿ ಗುಣವಾಗುವುದು ಇನ್ನೂ ನಿಧಾನವೆಂದು ನನ್ನ ವಿದ್ಯಾರ್ಥಿನಿ ಮೆಲ್ಲಗೆ ಹೇಳಿದಳು. 89ರಿಂದ 56ಕ್ಕೆ ಇಳಿದ ಆ ಹೆಂಗಸರು ಯಾವ ರಾತ್ರಿ, ಯಾವ ಮನೆಯಲ್ಲಿ, ಯಾರ ಮಾತು ಕೇಳಿ ಇಳಿದರೋ ಎಂದು ಯೋಚಿಸುತ್ತೇನೆ. ಅವರಲ್ಲಿ ಎಷ್ಟು ಮಂದಿಯ ತಾಯಂದಿರು ತಾರಸಿ ಹತ್ತಿದ್ದರೋ. ನಿನಗೆ ಮತ್ತೆ ಹಾಗಾದರೆ, ಆಗಬಹುದು, ನೀನು ನನಗೆ ಹೇಳಲೇಬೇಕೆಂದಿಲ್ಲ. ಗುಂಪಿನಲ್ಲಿ ಯಾರಿಗಾದರೂ ಹೇಳು. ನನಗೆ ಹೇಳಿದರೆ ನಾನು 'ಮತ್ತೆ ಯಾಕೆ' ಎಂದು ಕೇಳುವುದಿಲ್ಲ. ಕೇಳಿದರೂ ಕೇಳಿಬಿಟ್ಟೇನು, ಆಗ ನೀನು ಧಾರಾಳವಾಗಿ ಫೋನ್ ಇಡು.

ಇನ್ನೊಂದು ತಪ್ಪೊಪ್ಪಿಗೆ ಉಳಿದಿದೆ. ಆ ವರ್ಷ ಕೋಡುಬಳೆ ಡಬ್ಬಿ ಪದೇ ಪದೇ ಖಾಲಿಯಾಗುತ್ತಿದ್ದುದಕ್ಕೆ ನಾನು ನಿನ್ನ ತಮ್ಮನನ್ನು ಬೈದದ್ದು, ಒಂದು ಸಲ ಲಟ್ಟಣಿಗೆಯಿಂದ ಹೊಡೆದದ್ದು ನಿನಗೆ ನೆನಪಿರಬೇಕು. ಮೊನ್ನೆ ಅವನು ಊರಿಗೆ ಬಂದಿದ್ದಾಗ, ನಿನ್ನನ್ನು ಕೇಳದೆ, ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ವಿಷಯವನ್ನು ನಿನ್ನ ಒಪ್ಪಿಗೆಯಿಲ್ಲದೆ ಹೇಳಬಾರದಿತ್ತು, ಕ್ಷಮಿಸು. ಹೊಡೆದದ್ದಕ್ಕೂ ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಶೂಗೆ ಲೇಸು ಕಟ್ಟುತ್ತಿದ್ದವನು ಹಾಗೆಯೇ, 'ಅಕ್ಕ ತಿನ್ನುತ್ತಿದ್ದುದು ನನಗೆ ಗೊತ್ತಿತ್ತಮ್ಮ' ಎಂದ. ಹನ್ನೆರಡು ವರ್ಷದ ಹುಡುಗನಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲವೋ ಎಂದರೆ, 'ನೀನು ಅವಳಿಗೂ ಹೊಡೀತಿದ್ದೆ' ಎಂದ.

ಈ ಸಲ ತಮ್ಮನ ಕೈಯಲ್ಲಿ ಡಬ್ಬಿ ಏನನ್ನೂ ಕಳಿಸಿಲ್ಲ. ಕಳಿಸಬೇಕೋ ಬೇಡವೋ ಎಂದು ನಿನ್ನ ಆಪ್ತಸಮಾಲೋಚಕರನ್ನು ಕೇಳಿ ಹೇಳು. ಭಾನುವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ. ಏನು ಕೇಳಿ ಮಾತು ಶುರು ಮಾಡಬೇಕೆಂದು ಇನ್ನೂ ಹೊಳೆದಿಲ್ಲ. ನಾನು ಸುಮ್ಮನಿದ್ದರೆ ಲೈನ್ ಕಟ್ಟಾಯಿತೆಂದು ತಿಳಿಯಬೇಡ, ಸ್ವಲ್ಪ ಹೊತ್ತು ಹಿಡಿದುಕೊಂಡಿರು.

ಇಂತಿ,
ಅಮ್ಮ