ಹೆಡ್‌ಸೆಟ್ ಹಾಕಿಕೊಳ್ಳದ ಮಕ್ಕಳ ಲೆಕ್ಕ: ಮಗಳಿಗೊಂದು ಪತ್ರ

ಪುಟ್ಟಿ,

ಆಟಿಸಂ ಇರುವ ಮಕ್ಕಳು ಕ್ಲಾಸಲ್ಲಿ ಎಲ್ಲಿ ನೋಡುತ್ತಾರೆ ಅಂತ ವಿಆರ್ ಹೆಡ್‌ಸೆಟ್ (ಕಣ್ಣ ಮುಂದೆ ಸುಳ್ಳು ಲೋಕ ತೋರಿಸುವ ಡಬ್ಬ) ಹಾಕಿ ಅಳೆಯುವ ಪ್ರಾಜೆಕ್ಟ್ ಅಂತ ನೀನು ಫೋನಲ್ಲಿ ಹೇಳಿದ್ದು ಅರ್ಧ ತಲೆಗೆ ಹೋಗಿರಲಿಲ್ಲ, ವಿಡಿಯೊ ನೋಡಿದ ಮೇಲೆ ಗೊತ್ತಾಯಿತು. ಹೆಡ್‌ಸೆಟ್ ಒಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತೀರಿ, ಅದು ಕಣ್ಣಲ್ಲಿ ಹೊಳೆಯುವ ಚುಕ್ಕೆಯನ್ನೂ ಪಾಪೆಯನ್ನೂ ಪುಟ್ಟ ಕ್ಯಾಮೆರಾ ಸೆಕೆಂಡಿಗೆ ಎಷ್ಟೋ ಸಲ ಹಿಡಿಯುತ್ತದೆ, ಅದರಿಂದ ಮಗು ಟೀಚರ್ ಮುಖ ನೋಡುತ್ತಿದೆಯೋ ಕಿಟಕಿಯನ್ನೋ, ಎಷ್ಟು ಹೊತ್ತು ಅಂತ ಸಿಗುತ್ತದೆ, ಅಲ್ವಾ? ಅದರೊಳಗೆ ಕಾಣುವ ಕ್ಲಾಸ್‌ರೂಮು ಸುಳ್ಳು. ಆದರೆ ಗದ್ದಲ ಎಷ್ಟಿರಬೇಕು, ಬಾಗಿಲು ಯಾವಾಗ ತೆಗೆಯಬೇಕು ಎಲ್ಲಾ ನಿಮ್ಮ ಕೈಯಲ್ಲಿ, ಎಲ್ಲಾ ಮಕ್ಕಳಿಗೂ ಒಂದೇ ಥರ. ಇದು ನನಗೆ ಹಿಡಿಸಿತು.

ಆದರೆ ಮೊದಲು ಚುಕ್ಕೆ ನೋಡಿಸುತ್ತೀರಲ್ಲ, ಕಣ್ಣಿಗೂ ಮಿಷನ್ನಿಗೂ ತಾಳೆ ಹಾಕುವ ಕ್ಯಾಲಿಬ್ರೇಷನ್ ಅಂದೆಯಲ್ಲ, ನಿನ್ನ ತಮ್ಮ ನೋಡುತ್ತಾನಾ? ಕಟಿಂಗ್ ಶಾಪಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿದರೆ ಪಿ.ಜೆ. ಬಡಾವಣೆಗೆಲ್ಲಾ ಕೇಳುವ ಹಾಗೆ ಕೂಗುತ್ತಾನೆ. ಹತ್ತಿರ ಹತ್ತಿರ ಅರ್ಧ ಕೇಜಿಯ ಡಬ್ಬವನ್ನು ತಲೆಗೆ ಕಟ್ಟಿಸಿಕೊಳ್ಳುತ್ತಾನಾ? ಕಟ್ಟಿಸಿಕೊಳ್ಳದವರನ್ನು ಡೇಟಾ ಬರಲಿಲ್ಲ ಅಂತ ಕೈಬಿಟ್ಟರೆ ಉಳಿಯುವುದು ಹೇಳಿದ ಹಾಗೆ ಕೂರುವ ಮಕ್ಕಳು. ಆಮೇಲೆ ಆಟಿಸಂ ಇರುವ ಮಕ್ಕಳು ಹೀಗೆ ನೋಡುತ್ತಾರೆ ಅಂತ ಬರೆದರೆ ಅದರಲ್ಲಿ ಇವನೆಲ್ಲಿ? ಎಷ್ಟು ಮಕ್ಕಳು ಹಾಕಿಕೊಳ್ಳಲೇ ಇಲ್ಲ ಅನ್ನುವುದನ್ನೂ ಬರಿ, ಮೊದಲಲ್ಲೇ ಬರಿ. 2013ರಲ್ಲಿ ಜೋನ್ಸ್ ಮತ್ತು ಕ್ಲಿನ್ ಅನ್ನುವ ಸಂಶೋಧಕರು ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬರೆದಿದ್ದನ್ನು ನೀನೇ ಹೇಳಿದ್ದೆ, ಮುಂದೆ ಆಟಿಸಂ ಅಂತ ಗೊತ್ತಾದ ಕೂಸುಗಳು 2ರಿಂದ 6 ತಿಂಗಳೊಳಗೆ ಎದುರಿಗಿದ್ದವರ ಕಣ್ಣು ನೋಡುವುದು ಕಮ್ಮಿಯಾಗುತ್ತಾ ಬಂತು ಅಂತ. ಅವರು ಸ್ಕ್ರೀನ್ ಮೇಲೆ ವಿಡಿಯೊ ತೋರಿಸಿ ಅಳೆದರು, ತಲೆಗೆ ಏನೂ ಕಟ್ಟಲಿಲ್ಲ. ಡಬ್ಬ ಒಲ್ಲದವರಿಗೆ ನೀವೂ ಹಾಗೆ ಮಾಡಬಹುದಲ್ಲ? ಎರಡರ ಲೆಕ್ಕ ಬೆರೆಸಬೇಡಿ, ಅಷ್ಟೆ.

ಇನ್ನೊಂದು. ಮೊನ್ನೆ ಬೆಣ್ಣೆದೋಸೆ ಹೋಟೆಲಲ್ಲಿ ಅಪ್ಪಾಜಿ ನನ್ನ ಹತ್ತಿರ ಮೆಲ್ಲಗೆ ನಾಳೆ ಚಿತ್ರದುರ್ಗಕ್ಕೆ ಹೋಗಬೇಕು ಅಂದರು. ನಿನ್ನ ತಮ್ಮ ಪೂರ್ತಿ ಹೊತ್ತು ಫ್ಯಾನ್ ನೋಡುತ್ತಾ ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದ. ಬೆಳಿಗ್ಗೆ ಎದ್ದರೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು 'ದುರ್ಗದ ಬಸ್ಸು' ಅಂತಾನೆ! ನಿನ್ನ ಮಿಷನ್ನಿನ ಪ್ರಕಾರ ಅವನ ಗಮನವೆಲ್ಲಾ ಫ್ಯಾನ್ ಮೇಲೆ. ಕಣ್ಣು ಎಲ್ಲಿತ್ತು ಅಂತ ಮಾತ್ರ ಬರಿ ಪುಟ್ಟಿ, ಗಮನ ಇರಲಿಲ್ಲ ಅಂತ ಬರೀಬೇಡ.

ಹಬ್ಬಕ್ಕೆ ಬರುವಾಗ ಕೆಟ್ಟ ಹಳೇ ಹೆಡ್‌ಸೆಟ್ ಇದ್ದರೆ ಕೇಳಿ ತಗೊಂಡು ಬಾ. ಮನೆಯಲ್ಲಿ ಸುಮ್ನೆ ಬಿದ್ದಿರಲಿ, ಅವನೇ ಎತ್ತಿಕೊಳ್ಳುತ್ತಾನೋ ನೋಡೋಣ. ಶೇಂಗಾ ಚಟ್ನಿಪುಡಿ ಕೊರಿಯರ್ ಮಾಡಿದ್ದೀನಿ, ಬಂತಾ ಹೇಳು.

ಅಮ್ಮ