ಕ್ವಾರ್ಟರ್‌ಬ್ಯಾಕ್ ಚರ್ಚೆಗೆ ಬುಧವಾರದ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಋತು ಶುರುವಾದರೆ ಸಾಕು, ಯಾವುದಾದರೊಂದು ತಂಡದ ಅಭಿಮಾನಿಗಳು ಎರಡು ಪಾಳಯವಾಗುತ್ತಾರೆ. ಆಡುತ್ತಿರುವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಒಂದು ಪಾಳಯಕ್ಕೆ ಬೇಸರ ತರಿಸಿರುತ್ತಾನೆ. ಬೆಂಚಿನಲ್ಲಿ ಕೂತವನ ಮೇಲೆ ಇನ್ನೊಂದಕ್ಕೆ ನಂಬಿಕೆ ಇರುವುದಿಲ್ಲ. ಈ ಜಗಳ ಆಗಾಗ ಕ್ರೀಡಾ ಪುಟಕ್ಕೂ ಬರುತ್ತದೆ. ಆದರೆ ವರದಿ ಪಂದ್ಯದ ಫಲಿತಾಂಶ, ಪಾಸರ್ ರೇಟಿಂಗ್ (ಎಸೆತಗಾರಿಕೆಗೆ ಕೊಡುವ ಅಂಕ), ಕೋಚ್ ಉತ್ತರ ಕೊಡದೆ ನುಣುಚಿಕೊಂಡದ್ದು, ಇಷ್ಟರಲ್ಲೇ ಮುಗಿಯುತ್ತದೆ. ಭಾನುವಾರ ಮೈದಾನದಲ್ಲಿ ಆದದ್ದು ಅಚ್ಚಾಗುತ್ತದೆ, ಅದಕ್ಕೂ ಮುಂಚಿನ ಬುಧವಾರ ಯಾರು ಯಾರಿಗೆ ಎಷ್ಟು ಚೆಂಡು ಎಸೆದರು ಎಂಬುದು ಬಿಟ್ಟುಹೋಗುತ್ತದೆ. ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿರುವ ತಂಡಕ್ಕೆ ಅತಿ ದೊಡ್ಡ ಅಭಾವ ಅಭ್ಯಾಸದ ಸರದಿಗಳದ್ದು, ಅಂದರೆ ಅಭ್ಯಾಸದಲ್ಲಿ ಒಬ್ಬೊಬ್ಬನಿಗೆ ಆಡಲು ಸಿಗುವ ಅವಕಾಶಗಳದ್ದು. ಅದನ್ನು ಲೆಕ್ಕಕ್ಕೆ ಹಿಡಿಯದೆ ಯಾರು ಮೇಲು ಎಂದು ವಾದಿಸಿದರೆ ವಾದ ಬೆಳೆಯುತ್ತದೆಯೇ ಹೊರತು ಬಗೆಹರಿಯುವುದಿಲ್ಲ.

ಭಾನುವಾರದ ಪಂದ್ಯವಿರುವ ವಾರ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಸೋಮವಾರ ಹಿಂದಿನ ದಿನದ ವಿಡಿಯೊ ಪರಿಶೀಲನೆ, ಮಂಗಳವಾರ ಆಟಗಾರರಿಗೆ ರಜೆ. ಬುಧವಾರ ಮೊದಲ ಮತ್ತು ಎರಡನೇ ಡೌನಿನ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದೊಂದೂ ಒಂದು ಡೌನ್) ಆಟಗಳು, ಗುರುವಾರ ಮೂರನೇ ಡೌನ್, ಶುಕ್ರವಾರ ಎದುರಾಳಿಯ ಗೋಲು ಗೆರೆಯಿಂದ 20 ಯಾರ್ಡ್ ಒಳಗಿನ ಆಟ. ಶನಿವಾರ ಮೈದಾನದಲ್ಲಿ ನಡೆದಾಡಿಕೊಂಡೇ ಎಲ್ಲವನ್ನೂ ಒಮ್ಮೆ ತಿರುವಿಹಾಕುತ್ತಾರೆ. ಅಂದರೆ ನಿಜವಾದ ಅಭ್ಯಾಸ ಮೂರೇ ದಿನ. ಆಟಗಾರರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಪೂರ್ತಿ ರಕ್ಷಾಕವಚ ತೊಟ್ಟು ನಡೆಸುವ ಅಭ್ಯಾಸ ಇಡೀ ಋತುವಿಗೆ 14 ಮಾತ್ರ. ಇರುವ ಸರದಿಗಳಲ್ಲಿ ಬಹುಪಾಲು ಭಾನುವಾರ ಆಡುವವನಿಗೇ ಹೋಗುತ್ತವೆ. ಎರಡನೆಯವನ ಕೆಲಸವೇ ಬೇರೆ. ಸಹಾಯಕ ಕೋಚ್ ಹಿಡಿದ ಕಾರ್ಡಿನಲ್ಲಿ ಎದುರಾಳಿ ತಂಡದ ಆಟ ಬರೆದಿರುತ್ತದೆ. ಅದನ್ನು ನೋಡಿ ಅವನು ತನ್ನದೇ ತಂಡದ ರಕ್ಷಣಾ ಪಡೆಯ ಎದುರು ಆಡಿತೋರಿಸಬೇಕು. ವಾರವಿಡೀ ಪರರ ಪ್ಲೇಬುಕ್ ಆಡಿದವನು ಭಾನುವಾರ ದಿಢೀರನೆ ಒಳಗೆ ಬಂದು ತನ್ನ ತಂಡದ ಆಟ ಆಡಬೇಕು.

2025ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನೇ ನೋಡಿ. ಬೇಸಿಗೆಯ ಶಿಬಿರದಲ್ಲಿ ನಾಲ್ವರಿದ್ದರು: ಜೋ ಫ್ಲ್ಯಾಕೊ, ಕೆನ್ನಿ ಪಿಕೆಟ್, ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಮೂರನೇ ಸುತ್ತಿನಲ್ಲಿ ಆಯ್ಕೆಯಾದ ಡಿಲನ್ ಗೇಬ್ರಿಯಲ್, ಐದನೇ ಸುತ್ತಿನ ಶೆಡೂರ್ ಸ್ಯಾಂಡರ್ಸ್. ಋತು ಆರಂಭಕ್ಕೆ ಮೊದಲೇ ಪಿಕೆಟ್ ಬೇರೆ ತಂಡಕ್ಕೆ ಹೋದರು. ಮೊದಲು ಆಡಿದ್ದು ಫ್ಲ್ಯಾಕೊ, ಅಕ್ಟೋಬರ್‌ನಿಂದ ಗೇಬ್ರಿಯಲ್. ಫ್ಲ್ಯಾಕೊ ಸಿನ್ಸಿನಾಟಿಯ ಪಾಲಾದರು. ನವೆಂಬರ್ 16ರಂದು ಬಾಲ್ಟಿಮೋರ್ ವಿರುದ್ಧ ಗೇಬ್ರಿಯಲ್ ತಲೆಗೆ ಪೆಟ್ಟು ಬಿದ್ದು ಹೊರಗುಳಿದಾಗ ದ್ವಿತೀಯಾರ್ಧಕ್ಕೆ ಸ್ಯಾಂಡರ್ಸ್ ಬಂದರು. 16 ಎಸೆತ, ಗುರಿ ಮುಟ್ಟಿದ್ದು 4, ಗಳಿಕೆ 47 ಯಾರ್ಡ್, ಒಂದು ಇಂಟರ್‌ಸೆಪ್ಷನ್ (ಎದುರಾಳಿಯ ಕೈ ಸೇರಿದ ಎಸೆತ). ‘ನೋಡಿದಿರಾ?’ ಎಂದು ಒಂದು ಪಾಳಯ ಎದೆ ತಟ್ಟಿಕೊಂಡಿತು. ವಾರದ ನಂತರ, ಮೊದಲ ತಂಡದ ಜೊತೆ ಪೂರ್ತಿ ಅಭ್ಯಾಸ ಸಿಕ್ಕ ಮೇಲೆ, ಲಾಸ್ ವೇಗಸ್‌ನಲ್ಲಿ ಅದೇ ಹುಡುಗ 20 ಎಸೆತಗಳಲ್ಲಿ 11 ಮುಟ್ಟಿಸಿ 209 ಯಾರ್ಡ್ ಗಳಿಸಿದರು. ಒಂದು ಟಚ್‌ಡೌನ್ (ಚೆಂಡನ್ನು ಗೋಲು ಗೆರೆ ದಾಟಿಸುವುದು), ಒಂದು ಇಂಟರ್‌ಸೆಪ್ಷನ್, ತಂಡಕ್ಕೆ 24–10ರ ಗೆಲುವು. ಈಗ ಇನ್ನೊಂದು ಪಾಳಯದ ಸರದಿ. ಎದುರಾಳಿ ಬಾಲ್ಟಿಮೋರ್‌ನಷ್ಟು ಗಟ್ಟಿ ಇರಲಿಲ್ಲ, ಕ್ಲೀವ್‌ಲ್ಯಾಂಡಿನ ರಕ್ಷಣಾ ಪಡೆಯೇ ಅಂದು 10 ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿತು ಎಂಬುದನ್ನೂ ಹೇಳಬೇಕು. ಆದರೂ ಏಳು ದಿನದಲ್ಲಿ ಯಾರ ತೋಳೂ ಬದಲಾಗುವುದಿಲ್ಲ. ಎರಡೂ ಪಾಳಯಗಳು ಆತುರಪಟ್ಟವು ಎಂದೇ ನನ್ನ ಅಭಿಪ್ರಾಯ.

ಆ ಸರದಿಗಳಲ್ಲಿ ಪಳಗುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಿಸೀವರ್ (ಎಸೆತ ಹಿಡಿಯುವವನು) 12 ಯಾರ್ಡ್ ನೇರ ಓಡಿ ಬದಿಗೆರೆಯ ಕಡೆ ತಿರುಗುವ ಆಟ ಇದೆಯೆನ್ನೋಣ. ಕ್ವಾರ್ಟರ್‌ಬ್ಯಾಕ್ ಐದು ಹೆಜ್ಜೆ ಹಿಂದೆ ಸರಿಯುತ್ತಾನೆ. ಹಿಂಗಾಲು ಊರಿದ ಕೂಡಲೇ, ರಿಸೀವರ್ ತಿರುಗುವ ಮೊದಲೇ, ಚೆಂಡು ಕೈಬಿಟ್ಟಿರಬೇಕು. ತಿರುಗಿದ್ದನ್ನು ಕಣ್ಣಾರೆ ಕಂಡು ಎಸೆದರೆ ಅರ್ಧ ಸೆಕೆಂಡ್ ತಡ. ಅಷ್ಟರಲ್ಲಿ ರಿಸೀವರ್‌ನನ್ನು ಕಾಯುವ ಕಾರ್ನರ್‌ಬ್ಯಾಕ್ ಮುಂದೆ ನುಗ್ಗಿರುತ್ತಾನೆ, ಆ ಚೆಂಡು ಹಿಡಿದು ಎದುರು ದಿಕ್ಕಿಗೆ ಓಡಿ ಟಚ್‌ಡೌನ್ ಮಾಡುವ ಅಪಾಯವಿರುತ್ತದೆ. ಎತ್ತರದ ರಿಸೀವರ್‌ಗೆ ವೇಗ ತಗ್ಗಿಸಿ ತಿರುಗಲು ಒಂದು ಹೆಜ್ಜೆ ಹೆಚ್ಚು ಬೇಕು, ಗಿಡ್ಡನೆಯವನಿಗೆ ಬೇಡ. ಇದು ಪುಸ್ತಕದಲ್ಲಿ ಸಿಗುವುದಿಲ್ಲ, ಜೊತೆಯಲ್ಲಿ ಎಸೆದೇ ತಿಳಿಯಬೇಕು. ಸ್ನ್ಯಾಪ್ (ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವುದು) ಕರೆಯುವ ದನಿಯ ಲಯವೂ ಹಾಗೆಯೇ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ನಿಂತು ಅವನನ್ನು ಕಾಯುವ ಲೈನಿನ ಐವರು ಒಂದು ದನಿಗೆ ಒಗ್ಗಿರುತ್ತಾರೆ. ಹೊಸ ದನಿ ಬಂದ ದಿನ ಯಾರಾದರೂ ಮುಂಚೆಯೇ ಅಲುಗಿ 5 ಯಾರ್ಡ್ ದಂಡ ತೆರುತ್ತಾರೆ. ಅಲ್ಲಿಗೆ 10ರ ಬದಲು 15 ಯಾರ್ಡ್ ಬೇಕಾಗಿ, ಕೋಚ್ ಕರೆಯಬಹುದಾದ ಆಟಗಳ ಪಟ್ಟಿಯೇ ಕುಗ್ಗುತ್ತದೆ.

ಗಡಿಯಾರವನ್ನೂ ನೋಡಿ. ಪ್ಲೇ ಕ್ಲಾಕ್ (ಮುಂದಿನ ಆಟ ಶುರುಮಾಡಲು ಸಿಗುವ ಹೊತ್ತು) 40 ಸೆಕೆಂಡ್. ಕೋಚ್ ಮಾತು ಹೆಲ್ಮೆಟ್ಟಿನ ರೇಡಿಯೊದಲ್ಲಿ ಕೇಳುವುದು ಗಡಿಯಾರ 15ಕ್ಕೆ ಇಳಿಯುವವರೆಗೆ ಮಾತ್ರ, ಆಮೇಲೆ ಸಂಪರ್ಕ ಕಡಿದುಹೋಗುತ್ತದೆ. ನುರಿತವನು ಆ ಹೊತ್ತಿಗೆ ಆಟ ಶುರುವಾಗುವ ಗೆರೆಯ ಬಳಿ ಇದ್ದು, ಎದುರಾಳಿ ರಕ್ಷಣೆಯ ನಡುವಿನ ಲೈನ್‌ಬ್ಯಾಕರ್ ಯಾರೆಂದು ಬೆರಳು ತೋರಿ, ಲೈನ್ ಯಾವ ಕಡೆ ಸರಿಯಬೇಕೆಂದು ಅದರ ನಡುವೆ ನಿಲ್ಲುವ ಸೆಂಟರ್‌ಗೆ ತಿಳಿಸಿ, ಹಿಂದೆ ಆಳದಲ್ಲಿ ಕೊನೆಯ ರಕ್ಷಕನಾದ ಸೇಫ್ಟಿ ಒಬ್ಬನೋ ಇಬ್ಬರೋ ಎಂದು ಎಣಿಸಿರುತ್ತಾನೆ. ಹಡಲ್‌ನಲ್ಲಿ (ಆಟಕ್ಕೆ ಮೊದಲು ಆಟಗಾರರು ಸುತ್ತುಗೂಡುವಾಗ) ಉದ್ದನೆಯ ಆಟದ ಹೆಸರನ್ನು ಎರಡು ಸಲ ಹೇಳಬೇಕಾದವನು ಗೆರೆಗೆ ಬರುವಷ್ಟರಲ್ಲಿ 8–10 ಸೆಕೆಂಡ್ ಉಳಿದಿರುತ್ತದೆ. ಬ್ಲಿಟ್ಸ್ (ಹೆಚ್ಚು ರಕ್ಷಕರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ಬರುವುದು ಕಂಡರೂ ಅದಕ್ಕೆ ತಕ್ಕಂತೆ ಹೆಣೆಯಲು ಹೊತ್ತಿಲ್ಲ. ಟಿವಿಯಲ್ಲಿ ಇದನ್ನು ಯಾರು ಬೇಕಾದರೂ ಗಮನಿಸಬಹುದು: ಸ್ನ್ಯಾಪ್ ಆಗುವಾಗ ಗಡಿಯಾರ ಪ್ರತಿ ಸಲ 1 ಅಥವಾ 2ಕ್ಕೆ ಇಳಿದಿದ್ದರೆ ಆ ಕ್ವಾರ್ಟರ್‌ಬ್ಯಾಕ್ ಇನ್ನೂ ತಯಾರಿಲ್ಲದಿರಬಹುದು.

ಇನ್ನು ಪಾಸರ್ ರೇಟಿಂಗ್. ಅದನ್ನು ಅಭಿಮಾನಿಗಳು ನ್ಯಾಯಾಧೀಶರ ತೀರ್ಪಿನಂತೆ ಓದುತ್ತಾರೆ. ಅದರಲ್ಲಿರುವುದು ನಾಲ್ಕೇ ಅಂಶ: ಎಸೆತಕ್ಕೆ ಎಷ್ಟು ಪಾಲು ಗುರಿ ಮುಟ್ಟಿತು, ಎಸೆತಕ್ಕೆ ಎಷ್ಟು ಯಾರ್ಡ್, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಷನ್. ಗರಿಷ್ಠ 158.3. ಸ್ಯಾಕ್ ಇಲ್ಲ, ಕೈಜಾರಿದ ಚೆಂಡು ಇಲ್ಲ, ಅವನೇ ಓಡಿ ಗಳಿಸಿದ ಯಾರ್ಡ್ ಇಲ್ಲ. ಕಾಲ್ಪನಿಕ ಲೆಕ್ಕವೊಂದನ್ನು ಹಾಕೋಣ. ಮೊದಲನೆಯವನು 32 ಎಸೆತಗಳಲ್ಲಿ 22 ಮುಟ್ಟಿಸಿ 224 ಯಾರ್ಡ್ ಗಳಿಸಿದ, ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್. ಆದರೆ ನಾಲ್ಕು ಸಲ ಸ್ಯಾಕ್ ಆಗಿ 28 ಯಾರ್ಡ್ ಕಳೆದ. ರೇಟಿಂಗ್ 85.9. ಎರಡನೆಯವನು ಅಷ್ಟೇ ಎಸೆತಗಳಲ್ಲಿ 20 ಮುಟ್ಟಿಸಿ 208 ಯಾರ್ಡ್ ಗಳಿಸಿದ, ಅದೇ ಒಂದು ಟಚ್‌ಡೌನ್, ಒಂದು ಇಂಟರ್‌ಸೆಪ್ಷನ್, ಸ್ಯಾಕ್ ಒಂದೂ ಇಲ್ಲ. ರೇಟಿಂಗ್ 78.6. ಪತ್ರಿಕೆಯಲ್ಲಿ ಮೊದಲನೆಯವನೇ ಮೇಲು. ಸ್ಯಾಕ್ ಸೇರಿಸಿ ನಿವ್ವಳ ತೆಗೆದರೆ ಮೊದಲನೆಯವನಿಗೆ 36 ಪ್ರಯತ್ನಕ್ಕೆ 196 ಯಾರ್ಡ್, ಅಂದರೆ ಸರಾಸರಿ 5.4; ಎರಡನೆಯವನಿಗೆ 6.5. ಪ್ರತಿ ಪ್ರಯತ್ನಕ್ಕೂ ಒಂದು ಯಾರ್ಡ್‌ಗಿಂತ ಹೆಚ್ಚಿನ ಅಂತರ ಎಂದರೆ ಪಂದ್ಯದ ದಿಕ್ಕೇ ಬೇರೆ.

‘ಸ್ಯಾಕ್ ಆದರೆ ಲೈನಿನವರ ತಪ್ಪಲ್ಲವೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅರ್ಧ ಸತ್ಯ. ಲೈನಿನ ತುದಿಯಲ್ಲಿ ನಿಲ್ಲುವ ಟ್ಯಾಕಲ್ ಆಟಗಾರ ಅಂಚಿನಿಂದ ನುಗ್ಗುವವನನ್ನು ತಡೆದು ನಿಲ್ಲಿಸಲಾರ. ಬಳಸುದಾರಿಯಲ್ಲಿ ದೂಡುತ್ತಾ ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಕ್ಕೆ ಸಾಗಿಸುತ್ತಾನೆ. ಕ್ವಾರ್ಟರ್‌ಬ್ಯಾಕ್ ಗೆರೆಯಿಂದ 7–8 ಯಾರ್ಡ್ ಆಳದಲ್ಲಿದ್ದು ಒಂದು ಹೆಜ್ಜೆ ಮುಂದೆ ಬಂದರೆ ನುಗ್ಗಿದವನು ಹಿಂದಿನಿಂದ ಹಾದುಹೋಗುತ್ತಾನೆ. ಹೆದರಿ 10 ಯಾರ್ಡ್ ಹಿಂದೆ ಸರಿದರೆ ಅದೇ ದೂಡಿದ ದಾರಿಯ ತುದಿಯಲ್ಲಿ ತಾನೇ ಹೋಗಿ ನಿಂತಂತೆ. ಬೈಗುಳ ಮಾತ್ರ ಟ್ಯಾಕಲ್‌ಗೆ. ಚೆಂಡು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಹೊರಟಿತೇ ಅಥವಾ ಮೂರು ದಾಟಿತೇ ಎಂದು ಮನಸ್ಸಿನಲ್ಲೇ ಎಣಿಸುತ್ತಾ ನೋಡಿದರೆ ತಪ್ಪು ಯಾರದೆಂದು ಬಹುಪಾಲು ಗೊತ್ತಾಗುತ್ತದೆ.

ಬಲಗೈಯವನ ಜಾಗಕ್ಕೆ ಎಡಗೈಯವನು ಬಂದರೆ ಇನ್ನಷ್ಟು ಬದಲಾಗುತ್ತದೆ. ಅಟ್ಲಾಂಟಾ ಫಾಲ್ಕನ್ಸ್ 2024ರ ಮಾರ್ಚ್‌ನಲ್ಲಿ ಕರ್ಕ್ ಕಸಿನ್ಸ್ ಜೊತೆ ನಾಲ್ಕು ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು, ಮರುತಿಂಗಳೇ ಡ್ರಾಫ್ಟ್‌ನ 8ನೇ ಆಯ್ಕೆಯಾಗಿ ಎಡಗೈ ಎಸೆತಗಾರ ಮೈಕೆಲ್ ಪೆನಿಕ್ಸ್‌ರನ್ನು ತಂದಿತು. ಕಸಿನ್ಸ್ 14 ಪಂದ್ಯಗಳಲ್ಲಿ 16 ಇಂಟರ್‌ಸೆಪ್ಷನ್ ಎಸೆದ ಮೇಲೆ ಡಿಸೆಂಬರ್‌ನಲ್ಲಿ ಪೆನಿಕ್ಸ್ ಆಡಿದರು. ಆಗ ಚೆಂಡಿನ ಸುತ್ತು ತಿರುವುಮುರುವು, ಹಿಡಿಯುವವರ ಕೈ ಅದಕ್ಕೆ ಒಗ್ಗಬೇಕು. ಎಸೆತಗಾರನ ಕಣ್ಣಿಗೆ ಬೀಳದ ಬದಿ ಎಡದಿಂದ ಬಲಕ್ಕೆ ಹೋಗುವುದರಿಂದ ಬೆನ್ನು ಕಾಯುವ ಹೊಣೆ ಬಲ ಟ್ಯಾಕಲ್‌ಗೆ. ಬದಿಗೆ ಓಡುತ್ತಾ ಎಸೆಯುವ ಆಟಗಳನ್ನೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಋತುವಿನ ನಡುವೆ ಇದಕ್ಕೆ ಸಿಗುವುದು ಅದೇ ಮೂರು ದಿನ.

‘ತೆಗೆದುಹಾಕಿ ಬಿಡಿ’ ಎನ್ನುವವರು ಸಂಬಳ ಮಿತಿಯ ಲೆಕ್ಕವನ್ನೂ ನೋಡಬೇಕು. 2025ರಲ್ಲಿ ಪ್ರತಿ ತಂಡಕ್ಕೆ ಮಿತಿ 27.92 ಕೋಟಿ ಡಾಲರ್. ಸಹಿ ಹಾಕುವಾಗ ಕೊಟ್ಟ ಬೋನಸ್ಸನ್ನು ಗರಿಷ್ಠ ಐದು ವರ್ಷಕ್ಕೆ ಹಂಚಿ ಬರೆಯಬಹುದು. ನಡುವೆ ಕೈಬಿಟ್ಟರೆ ಉಳಿದ ಕಂತುಗಳೆಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ಜೂನ್ 1ರ ನಂತರದ ಬಿಡುಗಡೆ ಎಂದು ನಮೂದಿಸಿದರೆ ಆ ಹೊರೆಯನ್ನು ಎರಡು ವರ್ಷಕ್ಕೆ ಸೀಳಬಹುದು. ಡೆನ್ವರ್ 2024ರಲ್ಲಿ ರಸೆಲ್ ವಿಲ್ಸನ್‌ರನ್ನು ಬಿಟ್ಟಾಗ ಹೀಗೆ ಹೊತ್ತದ್ದು 8.5 ಕೋಟಿ ಡಾಲರ್. ಆದರೂ ಅದೇ ವರ್ಷ ಆರಿಸಿದ ಬೊ ನಿಕ್ಸ್‌ರ ಅಗ್ಗದ ಒಪ್ಪಂದದ ಬಲದಿಂದ ತಂಡ 10 ಗೆಲುವು, 7 ಸೋಲಿನೊಂದಿಗೆ ಪ್ಲೇಆಫ್ ಸೇರಿತು. ಹೊರೆ ಇದೆ ಎಂದು ಸುಮ್ಮನಿರಬೇಕಿಲ್ಲ, ಆದರೆ ಬದಲಿಗೆ ಬರುವವನು ಅಗ್ಗವಾಗಿರಬೇಕು.

‘ಇಬ್ಬರು ಕ್ವಾರ್ಟರ್‌ಬ್ಯಾಕ್ ಇದ್ದರೆ ಒಬ್ಬನೂ ಇಲ್ಲದಂತೆ’ ಎಂಬ ಹಳೆಯ ಮಾತನ್ನು ಪೂರ್ತಿ ಒಪ್ಪಲಾಗದು. 2001ರ ಸೆಪ್ಟೆಂಬರ್‌ನಲ್ಲಿ ಡ್ರೂ ಬ್ಲೆಡ್ಸೊ ಗಾಯಗೊಂಡು, ಹಿಂದಿನ ವರ್ಷ 199ನೆಯವರಾಗಿ ಆಯ್ಕೆಯಾಗಿದ್ದ ಟಾಮ್ ಬ್ರೇಡಿ ನ್ಯೂ ಇಂಗ್ಲೆಂಡ್ ಪರ ಆಡತೊಡಗಿದರು. ನವೆಂಬರ್‌ನಲ್ಲಿ ಬ್ಲೆಡ್ಸೊ ಗುಣವಾದರೂ ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯನ್ನೇ ಮುಂದುವರಿಸಿದರು. ಕಾನ್ಫರೆನ್ಸ್ (ಲೀಗಿನ ಎರಡು ವಿಭಾಗಗಳಲ್ಲಿ ಒಂದರ) ಫೈನಲ್‌ನಲ್ಲಿ ಬ್ರೇಡಿಯ ಪಾದದ ಕೀಲು ಉಳುಕಿದಾಗ ಬ್ಲೆಡ್ಸೊ ಬಂದು ಪಿಟ್ಸ್‌ಬರ್ಗ್ ಎದುರು 24–17ರಲ್ಲಿ ಗೆಲ್ಲಿಸಿಕೊಟ್ಟರು, ಋತುವಿನ ಅಂತಿಮ ಪಂದ್ಯ ಸೂಪರ್ ಬೌಲ್‌ಗೆ ಮತ್ತೆ ಬ್ರೇಡಿ. ಇಬ್ಬರಿದ್ದದ್ದು ತೊಂದರೆಯಾಗಲಿಲ್ಲ, ಏಕೆಂದರೆ ಸರದಿ ಯಾರದೆಂಬ ಪ್ರಶ್ನೆಗೆ ಕೋಚ್ ನವೆಂಬರ್‌ನಲ್ಲೇ ತೆರೆ ಎಳೆದಿದ್ದರು. ಎರಡನೆಯವನೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ನವೆಂಬರ್ 29 ಸಾಕ್ಷಿ. ಕೋವಿಡ್ ನಿಯಮದಿಂದ ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಹೊರಗುಳಿದು, ರಿಸೀವರ್ ಕೆಂಡಲ್ ಹಿಂಟನ್ ಎಸೆಯಬೇಕಾಯಿತು: 9ರಲ್ಲಿ 1, 13 ಯಾರ್ಡ್, ಎರಡು ಇಂಟರ್‌ಸೆಪ್ಷನ್. 2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ, ಜೋಶ್ ಜಾನ್ಸನ್ ಇಬ್ಬರೂ ಒಂದೇ ಪಂದ್ಯದಲ್ಲಿ ಗಾಯಗೊಂಡ ಮೇಲೆ ತುರ್ತು ಮೂರನೇ ಕ್ವಾರ್ಟರ್‌ಬ್ಯಾಕ್ ನಿಯಮ ಬಂತು. ಆದರೆ ಮೊದಲಿಬ್ಬರು ಗಾಯದಿಂದಲೋ ಪಂದ್ಯದಿಂದ ಹೊರಹಾಕಲ್ಪಟ್ಟೋ ಆಡಲಾಗದಿದ್ದರೆ ಮಾತ್ರ ಅವನು ಬರಬಹುದು. ಕೆಟ್ಟದಾಗಿ ಆಡುತ್ತಿದ್ದಾರೆಂದು ಅವನನ್ನು ಇಳಿಸುವಂತಿಲ್ಲ. ಅಭಿಮಾನಿಗಳು ಮರೆಯುವುದು ಈ ಕೊನೆಯ ಷರತ್ತನ್ನೇ.

ಕೊನೆಗೆ ಒಂದು ವಿನಂತಿ. ಎನ್‌ಎಫ್‌ಎಲ್ ಪಂದ್ಯಗಳ ಅಂಕಪಟ್ಟಿ ಅಚ್ಚು ಹಾಕುವಾಗ ಪಾಸರ್ ರೇಟಿಂಗ್ ಪಕ್ಕದಲ್ಲಿ ಸ್ಯಾಕ್ ಸಂಖ್ಯೆ ಮತ್ತು ಅದರಿಂದ ಕಳೆದ ಯಾರ್ಡ್ ಎಂಬ ಎರಡು ಕಾಲಂ ಸೇರಿಸಿ. ಗಾಯಾಳುಗಳ ಪಟ್ಟಿಯನ್ನು ತಂಡಗಳು ಬುಧವಾರದಿಂದ ಶುಕ್ರವಾರದವರೆಗೆ ಪ್ರತಿದಿನ ಪ್ರಕಟಿಸುತ್ತವೆ. ಯಾರು ಪೂರ್ತಿ ಅಭ್ಯಾಸ ಮಾಡಿದರು, ಯಾರು ಭಾಗಶಃ, ಯಾರು ಮಾಡಲೇ ಇಲ್ಲ ಎಂಬುದು ಅದರಲ್ಲಿರುತ್ತದೆ. ಶನಿವಾರದ ಸಂಚಿಕೆಯಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ಮಟ್ಟಿಗಾದರೂ ಆ ಮೂರು ದಿನದ ಸಾಲು ಕೊಟ್ಟರೆ ಅಷ್ಟೇನೂ ಜಾಗ ಹಿಡಿಯದು.

ಇತಿ,
ತಮ್ಮ ಓದುಗ